ದೇವಸ್ಥಾನದ ಜಾಗದ ಗಿಡಗಳಿಗೆ ಸಹಾಯಧನ ಇದೆಯಾ?

ಕುಮಟಾ ಹತ್ತಿರ ದೇವಸ್ಥಾನದ ಜಾಗದಲ್ಲಿ ನಿಮ್ಮ ಯುವಕ ಸಂಘ ನೆಟ್ಟ 60 ಗಿಡಗಳಿಗೆ ಸರ್ಕಾರದ ದುಡ್ಡು, ಪ್ರಶಸ್ತಿ ಏನಾದರೂ ಸಿಗುತ್ತದಾ ಎಂದು ಕೇಳಿದ್ದೀರಿ. ನೀವು ಕೇಳಿರುವುದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇರಬೇಕು, ಅಲ್ವಾ? ಅದು ರೈತರ ಸ್ವಂತ ಜಮೀನಿಗೆ. ಇಲಾಖೆಯ ನರ್ಸರಿ ಸಸಿ ತಂದು ನೆಟ್ಟರೆ, ಬದುಕಿದ ಗಿಡಕ್ಕೆ ಮೂರು ವರ್ಷದಲ್ಲಿ ಒಟ್ಟು 125 ರೂಪಾಯಿ. ನೆಟ್ಟಿದ್ದಕ್ಕಲ್ಲ, ಉಳಿಸಿದ್ದಕ್ಕೆ ದುಡ್ಡು. ನನಗೆ ಹಿಡಿಸಿದ್ದೇ ಅದು. ಸಂಘದಲ್ಲಿ ಜಮೀನು ಇದ್ದವರು ವಲಯ ಅರಣ್ಯ ಕಚೇರಿಯಲ್ಲಿ ಹೆಸರು ಬರೆಸಲಿ.

ದೇವಸ್ಥಾನದ ಗಿಡಗಳಿಗಾದರೆ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಹಿಡಿಯಿರಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಅದು ಇರಲೇಬೇಕು. ಅಲ್ಲಿ ಹಳೆಯ ಮರಗಳಿದ್ದರೆ ಜನತಾ ಜೀವವೈವಿಧ್ಯ ದಾಖಲಾತಿಗೆ, ಅಂದರೆ ಊರಿನ ಗಿಡಮರ, ಪ್ರಾಣಿಗಳ ವಿವರ ಬರೆದಿಡುವ ಪುಸ್ತಕಕ್ಕೆ, ಸೇರಿಸಲು ಕೇಳಿ.

ಪ್ರಶಸ್ತಿಗೆ ಈಗಲೇ ಯಾಕೆ ಅವಸರ? ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು ಪದ್ಮಶ್ರೀ ಪಡೆದಿದ್ದು 2021ರಲ್ಲಿ, ದಶಕಗಟ್ಟಲೆ ನರ್ಸರಿಯಲ್ಲಿ ಸಸಿ ಬೆಳೆಸಿದ ಮೇಲೆ.

ಮೊದಲು ಬೇಲಿ ನೋಡಿ. ನಾವು ನೆಟ್ಟ ಹೊನ್ನೆ ಗಿಡ ಮಳೆಗಾಲದಲ್ಲಿ ಮೊಣಕಾಲೆತ್ತರ ಬಂದಿತ್ತು. ದೀಪಾವಳಿ ಕಳೆದು ದನ ಬಿಟ್ಟರು, ಉಳಿದದ್ದು ಬರೀ ಕಡ್ಡಿ. ಈಗ ಬಿದಿರಿನ ಗೂಡು ಕಟ್ಟಿ, ಬುಡಕ್ಕೆ ದರಕು (ಒಣಗಿದ ಎಲೆ) ಹಾಕುತ್ತೇವೆ. ಬೇಸಿಗೆಯಲ್ಲಿ ನೀರೂ ಕಡಿಮೆ ಸಾಕು.