ಇಂಗುಬಾವಿ ತೋಡಿಸಿದರೆ ರಸ್ತೆಯಲ್ಲಿ ನೀರು ನಿಲ್ಲುವುದು ತಪ್ಪುತ್ತದಾ?

ಬೆಂಗಳೂರಲ್ಲಿ 30x40 ಸೈಟಿನ ಮನೆ, ಜೋರು ಮಳೆ ಬಂದಾಗಲೆಲ್ಲ ರಸ್ತೆ ತುಂಬಿ ಗೇಟಿನೊಳಗೆ ನೀರು ನುಗ್ಗುತ್ತದೆ, ಬೀದಿಯವರೆಲ್ಲ ಸೇರಿ ಇಂಗುಬಾವಿ (ಮಳೆ ನೀರನ್ನು ನೆಲದೊಳಗೆ ಇಂಗಿಸುವ ಬಾವಿ), ಮರದ ಪಾತಿ ಅಂತ ದುಡ್ಡು ಹಾಕಿದರೆ ನಿಜವಾಗಲೂ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ಇದೆ. ನಮ್ಮ ಬಡಾವಣೆಯಲ್ಲಿ ಮಾಡಿದ್ದೇವೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಆದರೆ ಎಷ್ಟು ಮಳೆಗೆ ಪ್ರಯೋಜನ ಅನ್ನುವುದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಇಲ್ಲದಿದ್ದರೆ ಒಂದು ದೊಡ್ಡ ಮಳೆ ಬಂದ ಕೂಡಲೇ ಜನ ಬೇಜಾರಾಗಿ ಕೈಬಿಡುತ್ತಾರೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಸೈಟು ಸುಮಾರು 111 ಚದರ ಮೀಟರ್. 20 ಮಿ.ಮೀ. ಮಳೆಗೆ ಅಲ್ಲಿ ಬೀಳುವುದು ಸುಮಾರು 2,200 ಲೀಟರ್. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿ ಹತ್ತಿರ ಹತ್ತಿರ 4,000 ಲೀಟರ್ ಹಿಡಿಯುತ್ತದೆ. ಅಂದರೆ ಇಂಥ ಮಳೆಗೆ ನಿಮ್ಮ ಮನೆ ನೀರು ರಸ್ತೆಗೆ ಹೋಗಲೇಬೇಕಿಲ್ಲ. ನೂರು ಮನೆಯವರು ಮಾಡಿದರೆ 2.2 ಲಕ್ಷ ಲೀಟರ್ ಮೋರಿಗೆ ಬೀಳುವುದು ತಪ್ಪುತ್ತದೆ. ವರ್ಷದಲ್ಲಿ ಬರುವ ಮಳೆಗಳಲ್ಲಿ ಜಾಸ್ತಿ ಇಂಥವೇ ಅಲ್ವಾ?

2022ರ ಸೆಪ್ಟೆಂಬರ್ ನೆನಪಿರಬಹುದು. ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆಯೆಲ್ಲ ಮುಳುಗಿ ಜನರನ್ನು ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಕರೆತಂದರು. ಆಗ ನಗರದಲ್ಲಿ ಒಂದೇ ದಿನದ ಮಳೆ 130 ಮಿ.ಮೀ. ದಾಟಿತ್ತು. ನಿಮ್ಮ ಸೈಟಿಗೆ ಲೆಕ್ಕ ಹಾಕಿದರೆ 14,000 ಲೀಟರ್‌ಗೂ ಜಾಸ್ತಿ. ಬಾವಿ ತುಂಬಿ ಉಕ್ಕುತ್ತದೆ. ಚೀನಾದವರು 2015ರಿಂದ 'ಸ್ಪಾಂಜ್ ಸಿಟಿ' ಅಂತ ಊರೂರಲ್ಲಿ ನೀರು ಇಂಗಿಸುವ ಕೆಲಸ ಮಾಡುತ್ತಿದ್ದಾರೆ. ಆ ಕೆಲಸಕ್ಕೆ ತುಂಬಾ ದುಡ್ಡು ಸುರಿದಿದ್ದ ಝೆಂಗ್‌ಝೌನಲ್ಲೂ 2021ರ ಜುಲೈನಲ್ಲಿ ಒಂದೇ ಗಂಟೆಗೆ 200 ಮಿ.ಮೀ. ಮಳೆ ಸುರಿದು ಮೆಟ್ರೋ ಸುರಂಗಕ್ಕೇ ನೀರು ನುಗ್ಗಿತು.

ಹಾಗಾದರೆ ದೊಡ್ಡ ಮಳೆಯ ನೀರಿಗೆ ಜಾಗ ಎಲ್ಲಿ? ಕೆರೆಯಲ್ಲಿ. ಬೆಂಗಳೂರು ದಿಣ್ಣೆ ಮೇಲಿರುವ ಊರು, ಬಿದ್ದ ನೀರು ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಈ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಮೊದಲು ರೈತರು ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದರು, ಬೇಸಿಗೆ ಹೊತ್ತಿಗೆ ಕೆರೆ ತಳ ಕಾಣುತ್ತಿತ್ತು, ಮುಂಗಾರಿಗೆ ಜಾಗ ತಾನಾಗಿಯೇ ಸಿದ್ಧವಾಗುತ್ತಿತ್ತು. ಈಗ ಎಷ್ಟೋ ಕೆರೆಗಳು ಒಳಚರಂಡಿ ನೀರಿನಿಂದಲೋ ಶುದ್ಧೀಕರಿಸಿದ ನೀರಿನಿಂದಲೋ ಏಪ್ರಿಲ್‌ನಲ್ಲೂ ತುಂಬಿಯೇ ಇರುತ್ತವೆ. ನೋಡೋಕೆ ಚೆಂದ. ಆದರೆ ಮೇ ತಿಂಗಳಲ್ಲಿ ತುಂಬಿರುವ ಕೆರೆ ಮಳೆ ನೀರನ್ನು ಹಿಡಿದುಕೊಳ್ಳುವುದಿಲ್ಲ, ಬಂದಷ್ಟನ್ನೂ ಕೋಡಿ ಮೇಲೆ ಹಾಗೇ ಕೆಳಗೆ ತಳ್ಳುತ್ತದೆ. ಸುತ್ತ ವಾಕಿಂಗ್ ಪಾತ್, ದೀಪ, ಬೆಂಚು ಹಾಕಿದ್ದನ್ನೇ ಕೆರೆ ಅಭಿವೃದ್ಧಿ ಅನ್ನುವುದು ನನಗೆ ಬಹಳ ನೋವಿನ ಸಂಗತಿ. ತೂಬು ಕೆಲಸ ಮಾಡುತ್ತಿದೆಯಾ, ಮಳೆಗಾಲಕ್ಕೆ ಮುಂಚೆ ನೀರು ಇಳಿಸುತ್ತಾರಾ, ಇದನ್ನು ಮೊದಲು ಕೇಳಬೇಕು. ನಿಮ್ಮ ಬೀದಿ ನೀರು ಯಾವ ಕೆರೆಗೆ ಹೋಗುತ್ತದೆ ಅಂತ ಹುಡುಕಿ, ವಾರ್ಡ್ ಕಚೇರಿಯಲ್ಲಿ ಈ ಎರಡು ಪ್ರಶ್ನೆ ಲಿಖಿತವಾಗಿ ಕೇಳಿ.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಬಾವಿಯನ್ನು ಬಾವಿ ತೋಡುವ ಕಸುಬಿನ ಮಣ್ಣುವಡ್ಡರ ಹತ್ತಿರವೇ ತೋಡಿಸಿ, ನಗರದ ಮಣ್ಣು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಸಿಮೆಂಟ್ ರಿಂಗ್ ಇಳಿಸಿ, ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ ತುಂಬುತ್ತಾರೆ. ತಳಕ್ಕೆ ಕಾಂಕ್ರೀಟ್ ಹಾಕಬಾರದು. ಚಾವಣಿ ನೀರು ನೇರ ಬಾವಿಗೆ ಬೀಳಬಾರದು, ಮೊದಲು ಒಂದು ಚಿಕ್ಕ ಛೇಂಬರಿಗೆ ಬಿದ್ದು, ಮಣ್ಣು ಕಸ ಕೆಳಗೆ ಕೂತು, ತಿಳಿ ನೀರು ಮುಂದೆ ಹೋಗಬೇಕು. ನಮ್ಮ ಬೀದಿಯಲ್ಲಿ ಮಳೆಗಾಲ ಮುಗಿದ ಮೇಲೆ ಆ ಛೇಂಬರ್ ಮುಚ್ಚಳ ತೆಗೆದರೆ ಹೊಂಗೆ ಎಲೆ, ನುಣುಪು ಕೆಂಪು ಹೂಳು ಗೇಣುದ್ದ ಇರುತ್ತದೆ. ಅದನ್ನು ಎತ್ತದೆ ಬಿಟ್ಟರೆ ಅಷ್ಟೂ ಬಾವಿಗೆ ಇಳಿದು ತಳ ಮುಚ್ಚುತ್ತದೆ, ಆಮೇಲೆ ನೀರು ಇಂಗುವುದಿಲ್ಲ, ಸುಮ್ನೆ ನಿಂತು ಸೊಳ್ಳೆ ಆಗುತ್ತದೆ. ಬಟ್ಟೆ ಒಗೆದ ನೀರು, ಅಡುಗೆಮನೆ ನೀರು ಯಾವ ಕಾರಣಕ್ಕೂ ಅದಕ್ಕೆ ಬಿಡಬೇಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಕಾದಿದ್ದು ಗೊತ್ತಲ್ಲ, ಅದೇ ನೆಲದಡಿಯ ನೀರಿಗೇ ಇದು ಹೋಗಿ ಸೇರುವುದು.

ಮರದ ಪಾತಿ ವಿಷಯದಲ್ಲಿ ಒಂದೇ ಮಾತು. ಫುಟ್‌ಪಾತ್ ಮಾಡುವಾಗ ಕಾಂಡದವರೆಗೂ ಕಾಂಕ್ರೀಟ್ ಹಾಕಿ ಸುತ್ತ ಕಟ್ಟೆ ಎತ್ತಿಬಿಡುತ್ತಾರೆ, ಮರಕ್ಕೆ ಉಸಿರೂ ಇಲ್ಲ, ನೀರೂ ಇಲ್ಲ. ಅನುಮತಿ ತಗೊಂಡು ಅದನ್ನು ಒಡೆಸಿ, ಪಾತಿ ರಸ್ತೆಗಿಂತ ಅರ್ಧ ಅಡಿ ತಗ್ಗಿನಲ್ಲಿರಲಿ, ನೀರು ಒಳಗೆ ಬರಲು ಅಂಚಿನ ಕಲ್ಲಲ್ಲಿ ಒಂದು ಕಿಂಡಿ ಬಿಡಿಸಿ. ಬೇರು ಕಡಿಯಬಾರದು, ಅಲ್ಲಿ ಹಾರೆ ಬೇಡ, ಕೈಯಲ್ಲೇ ಮಣ್ಣು ತೆಗೆಯಬೇಕು.

ಒಂದು ಎಚ್ಚರಿಕೆ. ನಿಮ್ಮ ಮನೆ ಕೆರೆ ಏರಿ ಕೆಳಗೋ ರಾಜಕಾಲುವೆ ಪಕ್ಕದಲ್ಲೋ ಇದ್ದು, ಎಂಟು ಹತ್ತು ಅಡಿಗೇ ನೀರು ಸಿಗುವ ಜಾಗವಾದರೆ ಇಂಗುಬಾವಿಗೆ ದುಡ್ಡು ಹಾಕಬೇಡಿ, ಅಲ್ಲಿ ಇಂಗಲು ಜಾಗವೇ ಇರುವುದಿಲ್ಲ. ಅದರ ಬದಲು ಚಾವಣಿ ನೀರನ್ನು ಸಂಪ್ ತೊಟ್ಟಿಯಲ್ಲಿ ಹಿಡಿದು ಬಳಸಿ, ಮೇಲಿನ ಬೀದಿಯವರನ್ನು ಬಾವಿಗೆ ಒಪ್ಪಿಸಿ, ಏಕೆಂದರೆ ನಿಮ್ಮ ಗೇಟಿಗೆ ಬರುವುದು ಅವರ ನೀರೇ. ಮಾದರಿಗಳನ್ನು ಕಣ್ಣಾರೆ ನೋಡಬೇಕಿದ್ದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಬೀದಿಯವರನ್ನೂ ಕರೆದುಕೊಂಡು ಹೋಗಿ.