ಐದು ಸಲ ಕೆಂಪು ಬಂದ ಮೇಲೆ

ಬದಿಯಡ್ಕದಿಂದ ಓದುಗರೊಬ್ಬರು ಬರೆದಿದ್ದಾರೆ: “ಗೆಳೆಯರ ಜೊತೆ ಗೋವಾಕ್ಕೆ ಹೋದಾಗ ಕ್ಯಾಸಿನೋದಲ್ಲಿ ರೂಲೆಟ್ (ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆ ಎಂದು ಹಣ ಕಟ್ಟುವ ಆಟ) ಆಡುತ್ತೇನೆ. ಕೆಂಪು ಬಂತೋ ಕಪ್ಪು ಬಂತೋ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಐದು ಸಲ ಒಂದೇ ಬಣ್ಣ ಬಂದರೆ ಎದುರು ಬಣ್ಣಕ್ಕೆ 500 ರೂಪಾಯಿ ಕಟ್ಟುತ್ತೇನೆ. ಸೋತರೆ ಡಬಲ್. ಇದುವರೆಗೆ ಗೆದ್ದೇ ಬಂದಿದ್ದೇನೆ. ಮುಂದಿನ ಸಲ ಮನೆಯ ಚಿನ್ನ ಅಡವಿಟ್ಟು ದೊಡ್ಡದಾಗಿ ಆಡುವ ಯೋಚನೆ ಇದೆ. ರಾತ್ರಿ ಮಲಗಿದರೂ ಇದೇ ಲೆಕ್ಕ ತಲೆಯಲ್ಲಿ. ಇದರಲ್ಲಿ ತಪ್ಪಿದ್ದರೆ ಹೇಳಿ, ಇಲ್ಲವಾದರೆ ಪ್ರಕಟಿಸಿ.”

ಮಿತ್ರರೇ, ಮೊದಲು ಚಿನ್ನದ ಮಾತು. ದಯವಿಟ್ಟು ಅಡವಿಡಬೇಡಿ. ಲೆಕ್ಕ ಆಮೇಲೆ ನೋಡೋಣ ಎಂದು ಸುಮ್ಮನಿರಲು ನನಗೆ ಮನಸ್ಸಾಗಲಿಲ್ಲ.

ಈಗ ಲೆಕ್ಕ. ಒಂದು ಸೊನ್ನೆಯ ಚಕ್ರದಲ್ಲಿ 37 ಮನೆಗಳು. 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ನೀವು ಕಟ್ಟಿದ ಬಣ್ಣ ಬರುವ ಸಾಧ್ಯತೆ 37ರಲ್ಲಿ 18, ಅಂದರೆ ಶೇಕಡ 48.65. ಆದರೆ ಗೆದ್ದಾಗ ಸಿಗುವ ಲಾಭ ಕಟ್ಟಿದ ಹಣಕ್ಕೆ ಸರಿಸಮ, ಅಷ್ಟೇ. ಕ್ಯಾಸಿನೋದ ಶೇಕಡ 2.7 ಲಾಭ ಇರುವುದು ಆ ಸೊನ್ನೆಯಲ್ಲಿ. ಎರಡು ಸೊನ್ನೆಯ ಚಕ್ರವಾದರೆ ಅದು 5.26.

ಐದು ಕೆಂಪು ಬಂದ ಮೇಲೂ ಚಕ್ರದಲ್ಲಿ ಅದೇ 37 ಮನೆಗಳು. ಹಿಂದಿನ ಚೆಂಡು ಎಲ್ಲಿ ಬಿತ್ತು ಎಂಬುದು ಮುಂದಿನ ಚೆಂಡನ್ನು ಯಾವ ರೀತಿಯಲ್ಲೂ ತಟ್ಟುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಮೂರು ದಿನ ಬಿಡದೆ ಸುರಿದರೆ ನಾಲ್ಕನೇ ದಿನವೂ ಸುರಿಯಬಹುದು ಎನ್ನುತ್ತೇವೆ. ಮೋಡ, ಗಾಳಿ ಇನ್ನೂ ಅಲ್ಲೇ ಇರುತ್ತವೆ, ಹಾಗಾಗಿ ಆ ಊಹೆಗೆ ಆಧಾರವಿದೆ. ಅಡಿಕೆ ತೋಟ ನೋಡಿಕೊಂಡವರಿಗೆ ಹೀಗೆ ಗಮನಿಸುವುದು ರಕ್ತದಲ್ಲೇ ಬಂದಿರುತ್ತದೆ. ಚಕ್ರದಲ್ಲಿ ಆ ಮೋಡ ಇಲ್ಲ.

“ಕೊನೆಗೆ ಎರಡೂ ಬಣ್ಣ ಸಮ ಆಗಲೇಬೇಕಲ್ವಾ?” ಎಂದು ನೀವು ಕೇಳಬಹುದು. ಸೊನ್ನೆಯನ್ನು ಬದಿಗಿಡಿ. 20 ಸಲದಲ್ಲಿ 15 ಕೆಂಪು, 5 ಕಪ್ಪು ಬಂತು ಅನ್ನಿ. ಮುಂದಿನ 2,000 ಸಲದಲ್ಲಿ ಎರಡೂ ಸಾವಿರ ಸಾವಿರ ಬಂದರೆ ಒಟ್ಟು 1,015 ಮತ್ತು 1,005. ಕೆಂಪಿನ ಪಾಲು ಶೇಕಡ 75ರಿಂದ ಸುಮಾರು 50ಕ್ಕೆ ಇಳಿಯಿತು. ಆದರೆ ಹತ್ತರ ವ್ಯತ್ಯಾಸ ಹಾಗೇ ಉಳಿಯಿತು! ಕಪ್ಪು ಯಾವ ಸಾಲವನ್ನೂ ತೀರಿಸಲಿಲ್ಲ.

ಹಾಗಾದರೆ ನೀವು ಗೆದ್ದದ್ದು ಹೇಗೆ? ನನಗೆ ಅತ್ಯಂತ ಭಯ ಹುಟ್ಟಿಸುವುದು ಇದೇ. 500, 1,000, 2,000, 4,000, 8,000, 16,000. ಆರು ಸಲ ಸೋತರೆ ಒಟ್ಟು 31,500 ರೂಪಾಯಿ ಹೋಯಿತು. 500ರಿಂದ ಶುರುಮಾಡಿ ಗೆಲ್ಲುವವರೆಗೆ ಅಥವಾ ಆರು ಸಲ ಸೋಲುವವರೆಗೆ ಆಡುವುದನ್ನು ಒಂದು ಸುತ್ತು ಎನ್ನೋಣ. ಹಾಗೆ ಸತತ ಆರು ಸೋಲು ಬರುವುದು ಸರಾಸರಿ 55 ಸುತ್ತಿಗೆ ಒಂದು ಸುತ್ತು. ಉಳಿದ 54 ಸುತ್ತಿನಲ್ಲೂ ನೀವು 500 ಗೆಲ್ಲುತ್ತೀರಿ, ಒಟ್ಟು 27,000. ಆ ಒಂದು ಸುತ್ತು ಅದನ್ನೆಲ್ಲ ನುಂಗಿ ಮೇಲಿಂದ 4,500 ಕೇಳುತ್ತದೆ. ಅದು ಕೊನೆಯಲ್ಲೇ ಬರಬೇಕೆಂದಿಲ್ಲ, ಚಿನ್ನದ ದುಡ್ಡು ಕೈಯಲ್ಲಿರುವ ಮೊದಲ ಸಂಜೆಯೇ ಬರಬಹುದು. ಇನ್ನೂ ಡಬಲ್ ಮಾಡೋಣ ಎಂದರೆ ಟೇಬಲ್ ಲಿಮಿಟ್, ಅಂದರೆ ಒಂದು ಸಲಕ್ಕೆ ಕಟ್ಟಬಹುದಾದ ಗರಿಷ್ಠ ಮೊತ್ತ, ಅಡ್ಡ ನಿಲ್ಲುತ್ತದೆ. ನಿಮ್ಮ ಪುಸ್ತಕದಲ್ಲಿ ಸುಳ್ಳಿಲ್ಲ, ಆ ಒಂದು ಸುತ್ತು ಅದರಲ್ಲಿ ಇನ್ನೂ ಬಂದಿಲ್ಲ, ಅಷ್ಟೇ.

ಒಂದೇ ಬಣ್ಣದ ಸರದಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಯುರೋಪಿನ ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೋ ಸಾಕ್ಷಿ. 1913ರ ಆಗಸ್ಟ್ 18ರಂದು ಅಲ್ಲಿ ಸತತ 26 ಸಲ ಕಪ್ಪು ಬಂತು. “ಈಗಲಾದರೂ ಕೆಂಪು” ಎಂದು ಜನ ಮುಗಿಬಿದ್ದು ಕಟ್ಟಿ ಲಕ್ಷಗಟ್ಟಲೆ ಫ್ರಾಂಕ್ ಕಳೆದುಕೊಂಡರು. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲೇ ಈ ತಪ್ಪನ್ನು ವಿವರಿಸಿದ್ದ. ಊರಲ್ಲಿ ಗಂಡುಮಕ್ಕಳು ಜಾಸ್ತಿ ಹುಟ್ಟಿದರೆ ಇನ್ನು ತಮಗೆ ಹೆಣ್ಣೇ ಹುಟ್ಟೀತು ಎಂದು ಚಿಂತೆ ಮಾಡುತ್ತಿದ್ದ ತಂದೆಯರ ಬಗ್ಗೆ ಅವನು ಬರೆದಿದ್ದಾನೆ. ನಮ್ಮ ಲಾಟರಿ ಅಂಗಡಿ ಮುಂದೆ ಹಳೆಯ ಫಲಿತಾಂಶ ಹಿಡಿದು ಕೊನೆಯ ಅಂಕಿ ಹುಡುಕುವವರದ್ದೂ ಇದೇ ದಾರಿ.

ಬರೆದಿಟ್ಟು ಗೆದ್ದವರೇ ಇಲ್ಲವೇ? ಇದ್ದಾರೆ. ಇಂಗ್ಲೆಂಡಿನ ಜವಳಿ ಗಿರಣಿಯ ಹಿನ್ನೆಲೆಯ ಜೋಸೆಫ್ ಜಾಗರ್ 19ನೇ ಶತಮಾನದಲ್ಲಿ ಮಾಂಟೆ ಕಾರ್ಲೊದಲ್ಲಿ ದೊಡ್ಡ ಮೊತ್ತ ಗೆದ್ದ. ಅವನು ಹುಡುಕಿದ್ದು ಸರದಿಯನ್ನಲ್ಲ, ಸವೆದು ವಾಲಿದ ಚಕ್ರವನ್ನು. ಕೆಲವು ಅಂಕಿಗಳು ಹೆಚ್ಚು ಬೀಳಲು ಅಲ್ಲಿ ನಿಜವಾದ ಕಾರಣವಿತ್ತು. ಇಂದಿನ ಕ್ಯಾಸಿನೋಗಳು ಚಕ್ರವನ್ನು ಆಗಾಗ ಪರೀಕ್ಷಿಸುತ್ತವೆ. ಹಿಂದಿನ ಫಲಿತಾಂಶವನ್ನು ಅವರೇ ಬೋರ್ಡಿನಲ್ಲಿ ಬೆಳಗಿಸಿ ತೋರಿಸುತ್ತಾರೆ. ಅದರಿಂದ ನಷ್ಟವಾಗುವುದಿದ್ದರೆ ತೋರಿಸುತ್ತಿದ್ದರೇ?

ನಿಮ್ಮ ವಿಧಾನವನ್ನು ಉಪಾಯವೆಂದು ನಾವು ಪ್ರಕಟಿಸುವುದಿಲ್ಲ. ನಿದ್ದೆಯಲ್ಲೂ ಲೆಕ್ಕ ಬಿಡುತ್ತಿಲ್ಲ ಎಂದಿರಿ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯವರಿಗೆ ಈ ವಾರವೇ ಎಲ್ಲ ಹೇಳಿ. ಹೇಳಲು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಿಲ್ಲ.

— ಸಂಪಾದಕ