ಓದುಗರ ಪ್ರಶ್ನೆ: ಹಳೇ ಟ್ರ್ಯಾಕ್ಟರ್‌ಗೆ ಕೂಲೆಂಟ್ ಬೇಕಾ?

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. 22 ವರ್ಷದ ಹಳೇ ಟ್ರ್ಯಾಕ್ಟರ್ ಇದೆ, ರೇಡಿಯೇಟರ್‌ಗೆ ಮೊದಲಿಂದಲೂ ಬೋರ್‌ವೆಲ್ ನೀರೇ. ಲಡಾಖ್‌ನಲ್ಲಿ ಸೇನೆಯಲ್ಲಿರುವ ತಮ್ಮ ಫೋನ್ ಮಾಡಿ, ಚಳಿಗೆ ನೀರು ಗಡ್ಡೆ ಕಟ್ಟಿ ಇಂಜಿನ್ ಬ್ಲಾಕೇ ಸೀಳುತ್ತೆ, ಕೂಲೆಂಟ್ (ಗಡ್ಡೆ ಕಟ್ಟದ, ತುಕ್ಕು ಹಿಡಿಯದ ಹಾಗೆ ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಹಾಕಿಸು ಅಂದ. ನಮ್ಮ ಚಳಿಗೂ ಅದು ಬೇಕಾ ಸಾರ್? ಹೋದ ವರ್ಷ ರಾಗಿ ಒಕ್ಕಣೆಯಲ್ಲಿ ನೀರು ಕುದಿಯುತ್ತಿತ್ತು. ಮೆಕ್ಯಾನಿಕ್ ಥರ್ಮೋಸ್ಟಾಟ್ (ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ತೆಗೆದುಹಾಕಿದ್ದಾರೆ.

ಉತ್ತರ: ನಿಮ್ಮ ತಮ್ಮ ಹೇಳಿದ್ದು ಆ ಊರಿಗೆ ಸರಿ. ನೀರು ಗಡ್ಡೆಯಾದಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಅದನ್ನು ತಡೆಯಲ್ಲ. ನಮ್ಮ ಕಡೆ ಜನವರಿ ಬೆಳಗಿನ ಜಾವ ಎಷ್ಟೇ ಕೊರೆದರೂ 0 ಡಿಗ್ರಿಗೆ ಇಳಿಯುವುದಿಲ್ಲ, ಆ ಭಯ ಬೇಡ. ಆದರೂ ಕೂಲೆಂಟ್ ಹಾಕಿ ಅಂತಲೇ ಹೇಳುತ್ತೇನೆ, ಕಾರಣ ನಿಮ್ಮ ಬೋರ್‌ವೆಲ್ ನೀರು. ಬಚ್ಚಲ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತಲ್ವಾ, ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಬ್ಲಾಕ್‌ನೊಳಗೂ ಅದೇ ಕಟ್ಟುತ್ತದೆ, ಜೊತೆಗೆ ತುಕ್ಕು, ಹಾಗಾಗಿ ಕಾವು ಹೊರಗೆ ಹೋಗಲು ದಾರಿಯೇ ಇರಲ್ಲ.

ಒಕ್ಕಣೆಗೆ ಮೊದಲೇ ಒಂದು ಬೆಳಿಗ್ಗೆ ಇದಕ್ಕೆ ಅಂತ ಇಟ್ಟುಕೊಳ್ಳಿ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇದ್ದಾಗ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ನೇರ ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರ್ ಕೆಳಗಿನ ನಲ್ಲಿಯ ಜೊತೆ ಬ್ಲಾಕ್‌ನ ಪಕ್ಕದಲ್ಲಿರುವುದನ್ನೂ ಬಿಚ್ಚಿ, ತುಂಬಾ ಜನ ಅದನ್ನು ಮರೆಯುತ್ತಾರೆ, ಹಳೇ ಕೆಸರೆಲ್ಲ ಇರೋದೇ ಅಲ್ಲಿ. ತಿಳಿ ನೀರು ಬರೋವರೆಗೂ ತೊಳೆಯಿರಿ. ಮೆತ್ತಗಾದ, ಬಿರುಕು ಬಿಟ್ಟ ಹೋಸ್ ಇದ್ದರೆ ಈಗಲೇ ಬದಲಿಸಿ, ಫ್ಯಾನ್ ಬೆಲ್ಟ್ ಸಡಿಲ ಇದೆಯಾ ನೋಡಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಮೊದಲೇ ಬೆರೆಸಿದ ಕ್ಯಾನ್ ತಂದರೆ ಮತ್ತೆ ನೀರು ಬೆರೆಸಬೇಡಿ.

ನೀರು ಕುದಿಯೋದಕ್ಕೆ ಇನ್ನೊಂದು ಕಾರಣ ರಾಗಿ ಹೊಟ್ಟು. ಫ್ಯಾನ್ ಅದನ್ನು ಮುಂದಿನಿಂದ ಎಳೆದು ರೇಡಿಯೇಟರ್ ಜಾಲರಿಗೆ ಮೆತ್ತುತ್ತದೆ. ಕಣದಲ್ಲಿ ಕೆಲಸ ಇರೋ ದಿನ ಸಂಜೆ, ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆದು ಬಿಡಿಸಿ. ಜೋರು ನೀರು ಬೇಡ, ತಗಡು ಮಡಚಿಕೊಳ್ಳುತ್ತದೆ. ನಡುವೆ ಕುದಿ ಬಂದರೆ ಸುಮ್ನೆ ನಿಲ್ಲಿಸಿ ಆರಲು ಬಿಡಿ. ಕಾದ ಬ್ಲಾಕ್‌ಗೆ ತಣ್ಣೀರು ಸುರಿದರೆ ನಮ್ಮೂರಲ್ಲೂ ಅದು ಸೀಳಬಹುದು.

ಥರ್ಮೋಸ್ಟಾಟ್ ಮಾತ್ರ ದಯವಿಟ್ಟು ವಾಪಸ್ ಹಾಕಿಸಿ. ಅದಿಲ್ಲದೆ ಚಳಿ ಬೆಳಿಗ್ಗೆ ಇಂಜಿನ್ ಬೇಗ ಕಾಯುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಪಿಸ್ಟನ್ ಓಡಾಡುವ ಲೈನರ್ ಕೊಳವೆ ಸವೆಯುತ್ತೆ. ಉಳಿದ ಕೂಲೆಂಟನ್ನು ಅಟ್ಟದ ಮೇಲಿಡಿ. ರುಚಿ ಸಿಹಿ, ಆದರೆ ವಿಷ. ಮಕ್ಕಳಿಗೆ, ನಾಯಿಗೆ, ಕರುವಿಗೆ ಸಿಗಬಾರದು.